ನಮ್ಮ ಕಲೆ, ನಮ್ಮ ಸಿನಿಮಾ – ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಪ್ರಶ್ನೆ: ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಯಕ್ಷಗಾನ ಮೇಳಗಳ ತಿರುಗಾಟ ಶುರುವಾದರೆ ಹೊರದೇಶದ ಅತಿಥಿಗಳನ್ನು ಆಟಕ್ಕೆ ಕರೆದುಕೊಂಡು ಹೋಗುತ್ತೇನೆ. 'ಡ್ಯಾನ್ಸ್ ಡ್ರಾಮಾ' ಅಂತ ಹೇಳಿದ ಮೇಲೆ ಮುಂದೆ ಮಾತೇ ಹೊರಡುವುದಿಲ್ಲ. ಹೇಗೆ ವಿವರಿಸಲಿ?
– ಓದುಗರು, ಕುಂದಾಪುರ

ಮೊದಲು ಆ 'ಡ್ಯಾನ್ಸ್ ಡ್ರಾಮಾ' ಬಿಡಿ. ಅದನ್ನು ಕೇಳಿದವರು ಬರೀ ಕುಣಿತದಲ್ಲಿ ಕಥೆ ಹೇಳುತ್ತಾರೆ ಅಂದುಕೊಳ್ಳುತ್ತಾರೆ. ಆಮೇಲೆ ವೇಷಧಾರಿ ನಿಂತಲ್ಲೇ ನಿಂತು ಕಾಲು ಗಂಟೆ ಮಾತಾಡಿದರೆ ಅವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಯಕ್ಷಗಾನವನ್ನು ಯಕ್ಷಗಾನ ಅಂತಲೇ ಕರೆಯಿರಿ. ಜಪಾನಿನವರು ತಮ್ಮ ಕಬುಕಿ ನಾಟಕಕ್ಕೆ ಬೇರೆ ಹೆಸರು ಹುಡುಕಿಲ್ಲ, ಇಟಲಿಯ ಒಪೆರಾ ಎಲ್ಲ ಕಡೆಯೂ ಒಪೆರಾನೇ. ಹೆಸರು ನಮ್ಮದೇ ಇರಲಿ, ವಿವರಣೆ ಮಾತ್ರ ಇಂಗ್ಲಿಷಿನಲ್ಲಿ.

'ಫೋಕ್ ಡ್ಯಾನ್ಸ್' ಕೂಡ ಬೇಡ. ಅದಕ್ಕೆ ಬರೆದಿಟ್ಟ ಪ್ರಸಂಗವಿದೆ, ರಾಗ ತಾಳಗಳ ಲೆಕ್ಕವಿದೆ, ವರ್ಷಗಟ್ಟಲೆ ಕಲಿಯಬೇಕಾದ ಹೆಜ್ಜೆಗಳಿವೆ. 'ಟ್ರೆಡಿಷನಲ್ ಥಿಯೇಟರ್' ಅನ್ನಿ, ಅದು ಸರಿಯಾಗಿ ಕೂರುತ್ತದೆ. ಆಮೇಲೆ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: 'ದಿ ಸಾಂಗ್ಸ್ ಆರ್ ರಿಟನ್, ಬಟ್ ದಿ ಡಯಲಾಗ್ ಈಸ್ ಇಂಪ್ರೊವೈಸ್ಡ್.' ಪದ್ಯ ಬರೆದದ್ದು, ಮಾತು ಅಲ್ಲೇ ಹುಟ್ಟುವುದು ಅಂತ. ನನ್ನ ಪ್ರಕಾರ ಯಕ್ಷಗಾನದ ಬಗ್ಗೆ ಹೊರಗಿನವರಿಗೆ ಹೇಳಲೇಬೇಕಾದ ಮಾತು ಇದು. ವೇಷ, ಬಣ್ಣ, ಕಿರೀಟವನ್ನು ಅವರ ಕಣ್ಣೇ ನೋಡುತ್ತದೆ. ಆದರೆ ಎದುರಿನ ಪಾತ್ರ ಏನು ಕೇಳುತ್ತದೋ ಅದಕ್ಕೆ ತಕ್ಕಂತೆ ಈ ಕಲಾವಿದ ಆ ಕ್ಷಣದಲ್ಲೇ ಉತ್ತರ ಕಟ್ಟುತ್ತಿದ್ದಾನೆ, ನಾಳೆ ಇನ್ನೊಂದು ಊರಿನಲ್ಲಿ ಇದೇ ಪ್ರಸಂಗಕ್ಕೆ ಬೇರೆಯೇ ಮಾತು ಬರುತ್ತದೆ ಅನ್ನುವುದು ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ, ಅಲ್ವಾ?

ಭಾಗವತರನ್ನು ಸುಮ್ನೆ 'ಸಿಂಗರ್' ಅಂದರೆ ಕಡಿಮೆಯಾಯಿತು. ಅವರು ಹಾಡುತ್ತಲೇ ಇಡೀ ಆಟವನ್ನು ನಡೆಸುತ್ತಾರೆ. 'ಹಿ ಸಿಂಗ್ಸ್, ಅಂಡ್ ಹಿ ಆಲ್ಸೋ ಡೈರೆಕ್ಟ್ಸ್ ದಿ ಶೋ ಫ್ರಮ್ ದಿ ಸ್ಟೇಜ್' ಅನ್ನಿ. ಚಂಡೆ, ಮದ್ದಳೆ ಎರಡೂ 'ಡ್ರಮ್' ಆದರೂ ಒಂದನ್ನು ಕೋಲಿನಿಂದ, ಇನ್ನೊಂದನ್ನು ಕೈಯಿಂದ ಬಾರಿಸುತ್ತಾರೆ. ಇಷ್ಟು ಹೇಳಿದರೆ ಅತಿಥಿಗಳು ಕಿವಿಯಿಟ್ಟು ಬೇರೆ ಬೇರೆಯಾಗಿ ಕೇಳತೊಡಗುತ್ತಾರೆ. ಪ್ರಸಂಗಕ್ಕೆ 'ಎಪಿಸೋಡ್' ನಡೆಯುತ್ತದೆ: 'ಆ್ಯನ್ ಎಪಿಸೋಡ್ ಫ್ರಮ್ ದಿ ಮಹಾಭಾರತ.' ಕೇದಗೆ ಮುಂದಲೆಗೂ ಕಿರೀಟಕ್ಕೂ 'ಹೆಡ್‌ಡ್ರೆಸ್' ಸಾಕು. ವೇಷಕ್ಕೆ 'ಕಾಸ್ಟ್ಯೂಮ್' ಅನ್ನಿ, 'ಫ್ಯಾನ್ಸಿ ಡ್ರೆಸ್' ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಹರಕೆ ಆಟದ ವಿಷಯ ಬಂದರೆ 'ಸ್ಪಾನ್ಸರ್' ಅನ್ನುವವರಿದ್ದಾರೆ. ಅದರಲ್ಲಿ ಹರಕೆಯೇ ಕಳೆದುಹೋಗುತ್ತದೆ. 'ಎ ಫ್ಯಾಮಿಲಿ ಆಫರ್ಸ್ ದಿಸ್ ಪರ್ಫಾರ್ಮೆನ್ಸ್ ಟು ಫುಲ್‌ಫಿಲ್ ಎ ವೌ' ಅನ್ನಿ. ಕಟೀಲು, ಮಂದಾರ್ತಿ ಮೇಳಗಳ ಆಟಕ್ಕೆ ಜನ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ ಅಂತಲೂ ಸೇರಿಸಿ. ಊರಿಗೂ ಆಟಕ್ಕೂ ಇರುವ ನಂಟು ಅವರಿಗೆ ಅಲ್ಲಿ ಅರ್ಥವಾಗುತ್ತದೆ. ಇನ್ನು ಮಳೆಗಾಲದಲ್ಲಿ ಬಂದವರಿಗೆ ತಾಳಮದ್ದಳೆ ತೋರಿಸುವುದಾದರೆ ಹೀಗೆ ಹೇಳಬಹುದು: 'ನೋ ಕಾಸ್ಟ್ಯೂಮ್, ನೋ ಡ್ಯಾನ್ಸ್, ದೇ ಸಿಟ್ ಅಂಡ್ ಆರ್ಗ್ಯೂ ಇನ್ ಕ್ಯಾರೆಕ್ಟರ್.' ಪಾತ್ರವೇ ತಾನಾಗಿ ವಾದ ಮಾಡುವುದಕ್ಕೆ ಈ 'ಇನ್ ಕ್ಯಾರೆಕ್ಟರ್' ತುಂಬಾ ಒಳ್ಳೆಯ ಮಾತು.

ಪ್ರಶ್ನೆ: ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬರೆಯುತ್ತಿದ್ದೇನೆ. ಇಷ್ಟವಾದ ಸಿನಿಮಾ ಬಗ್ಗೆ ಮಾತಾಡಿ ಅಂದರೆ 'ಸ್ಟೋರಿ ಸೂಪರ್, ಆ್ಯಕ್ಟಿಂಗ್ ಸೂಪರ್' ಅಂತ ಹೇಳಿ ನಿಂತುಬಿಡುತ್ತೇನೆ.
– ವಿದ್ಯಾರ್ಥಿನಿ, ದಾವಣಗೆರೆ

ಸ್ಪೀಕಿಂಗ್ ಪರೀಕ್ಷೆಯ ಎರಡನೇ ಭಾಗದಲ್ಲಿ ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷದವರೆಗೆ ಕೊಡುತ್ತಾರೆ. 'ಸೂಪರ್' ಅನ್ನು ಎಷ್ಟು ಎಳೆದರೂ 2 ನಿಮಿಷ ಆಗುವುದಿಲ್ಲ. ಕನ್ನಡದಲ್ಲಿ ಗೆಳತಿಗೆ ಸಿನಿಮಾ ಬಗ್ಗೆ ಹೇಳುವಾಗ ನೀವು ಬರೀ ಸೂಪರ್ ಅನ್ನುತ್ತೀರಾ? ಇಲ್ಲ. ಇಂಟರ್‌ವಲ್ ತನಕ ಚೆನ್ನಾಗಿತ್ತು, ಆಮೇಲೆ ಎಳೆದರು, ಕೊನೆ ಮೊದಲೇ ಗೊತ್ತಾಯಿತು, ಅಮ್ಮನ ಪಾತ್ರ ನೋಡಿ ಅಳು ಬಂತು ಅನ್ನುತ್ತೀರಿ. ಇದನ್ನೇ ಇಂಗ್ಲಿಷಿಗೆ ತನ್ನಿ. ಎಳೆದರು ಅನ್ನುವುದಕ್ಕೆ 'ದಿ ಸೆಕೆಂಡ್ ಹಾಫ್ ಡ್ರ್ಯಾಗ್ಸ್.' ಕೊನೆ ಗೊತ್ತಾಗಿಬಿಟ್ಟರೆ 'ಪ್ರಿಡಿಕ್ಟಬಲ್'. ಮನಸ್ಸು ಕಲಕಿದರೆ 'ಮೂವಿಂಗ್'. ಸೀಟಿನಿಂದ ಏಳಲು ಬಿಡದಿದ್ದರೆ 'ಗ್ರಿಪ್ಪಿಂಗ್'. ಎಲ್ಲರೂ ಹೊಗಳಿದರು, ನಿಮಗೆ ಅಷ್ಟೇನೂ ಅನಿಸಲಿಲ್ಲ ಅಂದರೆ 'ಓವರ್‌ರೇಟೆಡ್'.

'ಹೀರೋ' ಅಂದರೆ ಅಲ್ಲಿ ಸಾಹಸಿ ಅನ್ನುವ ಅರ್ಥವೇ ಜಾಸ್ತಿ, ಹಾಗಾಗಿ ನಟನ ಬಗ್ಗೆ ಹೇಳುವಾಗ 'ಲೀಡ್ ಆ್ಯಕ್ಟರ್' ಅನ್ನಿ. 'ಶೀ ಆ್ಯಕ್ಟೆಡ್ ಟೀಚರ್' ತಪ್ಪು, 'ಶೀ ಪ್ಲೇಡ್ ಎ ಟೀಚರ್' ಸರಿ. 'ಕಾಮೆಡಿ ಚೆನ್ನಾಗಿತ್ತು' ಅನ್ನುವುದಕ್ಕೆ 'ಇಟ್ ವಾಸ್ ಫನ್ನಿ', ಒಟ್ಟಿನಲ್ಲಿ ಖುಷಿಯಾಯಿತು ಅನ್ನುವುದಕ್ಕೆ 'ಇಟ್ ವಾಸ್ ಫನ್'. ಇವೆರಡು ಬೇರೆ. 'ಐ ವಾಸ್ ಬೋರಿಂಗ್' ಅಂತೂ ಹೇಳಲೇಬೇಡಿ, ನಾನೇ ಬೋರು ಹೊಡೆಸುವವಳು ಅಂತಾಗುತ್ತದೆ. 'ಐ ವಾಸ್ ಬೋರ್ಡ್' ಅನ್ನಿ.

ಇನ್ನೊಂದು ಮಾತು. ಕನ್ನಡ ಸಿನಿಮಾ ಬಗ್ಗೆಯೇ ಮಾತಾಡಿ. ಪರೀಕ್ಷೆ ಅಂತ ನೋಡದ ಇಂಗ್ಲಿಷ್ ಸಿನಿಮಾದ ಹೆಸರು ಹೇಳುವವರೇ ಜಾಸ್ತಿ, ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ನೀವು ಪ್ರೀತಿಯಿಂದ ನೋಡಿದ್ದರ ಬಗ್ಗೆ ಮಾತು ತಾನಾಗಿ ಬರುತ್ತದೆ.

ಪ್ರಶ್ನೆ: ಬೇಲೂರು, ಹಳೇಬೀಡು ತೋರಿಸುವಾಗ ಎಲ್ಲದಕ್ಕೂ 'ಸ್ಟ್ಯಾಚು' ಅನ್ನುತ್ತೇನೆ. ಸರಿಯೇ?
– ಓದುಗರು, ಹಾಸನ

ಸರಿಯಲ್ಲ. ಶ್ರವಣಬೆಳಗೊಳದ ಗೊಮ್ಮಟ 'ಸ್ಟ್ಯಾಚು'. ಬಿಡಿಯಾಗಿ ನಿಂತಿದ್ದಾನೆ, ಸುಮಾರು 57 ಅಡಿ, ಒಂದೇ ಕಲ್ಲಾದ್ದರಿಂದ 'ಮೊನೊಲಿಥಿಕ್' ಅಂತ ಸೇರಿಸಬಹುದು. ಗೋಡೆಗೆ ಅಂಟಿಕೊಂಡಂತೆ ಕಡೆದದ್ದು 'ರಿಲೀಫ್'. ಹಳೇಬೀಡಿನ ಗೋಡೆಯ ಸುತ್ತ ಸಾಲಾಗಿ ಓಡುವ ಆನೆ, ಕುದುರೆಗಳ ಪಟ್ಟಿಕೆ 'ಫ್ರೀಜ್', ಫ್ರಿಜ್ ಅಲ್ಲ, ಎಳೆದು ಹೇಳಿ. ಬೇಲೂರಿನ ಮದನಿಕೆಯರು ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ನಿಂತಿರುವುದರಿಂದ 'ಬ್ರ್ಯಾಕೆಟ್ ಫಿಗರ್ಸ್'. ಬಳಪದ ಕಲ್ಲು 'ಸೋಪ್‌ಸ್ಟೋನ್'. ಗರ್ಭಗುಡಿಯ ದೇವರಿಗೆ ಮಾತ್ರ 'ಸ್ಟ್ಯಾಚು' ಬೇಡ, 'ಡೀಟಿ' ಅನ್ನಿ. ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೆಯುತ್ತಿದೆಯಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿ ಸೇರಿದವು. ಇನ್ನು ಮೇಲೆ ಕೇಳುವವರು ಜಾಸ್ತಿಯಾಗುತ್ತಾರೆ, ಈ ಐದಾರು ಪದ ಗಟ್ಟಿ ಮಾಡಿಕೊಳ್ಳಿ.

ಪ್ರಶ್ನೆ: ಮಗಳ ಭರತನಾಟ್ಯ ರಂಗಪ್ರವೇಶ. ಇಲ್ಲಿನ ಸ್ನೇಹಿತರಿಗೆ ಇಂಗ್ಲಿಷ್ ಆಹ್ವಾನ ಬರೆಯಬೇಕು. 'ಡ್ಯಾನ್ಸ್ ಪ್ರೋಗ್ರಾಂ' ಅಂದರೆ ಸಾಕಾ?
– ಓದುಗರು, ಲಂಡನ್

'ರಂಗಪ್ರವೇಶ' ಅಂತ ದೊಡ್ಡದಾಗಿ ಬರೆಯಿರಿ. ಕೆಳಗೆ 'ಹರ್ ಸೋಲೋ ಡೇಬ್ಯೂ ಇನ್ ಭರತನಾಟ್ಯ' ಅಂತ ಒಂದು ಸಾಲು. ಬರೆಯುವಾಗ ಕೊನೆಗೆ ಟಿ ಇದ್ದರೂ ಹೇಳುವಾಗ 'ಡೆಬಟ್' ಅನ್ನುವುದಿಲ್ಲ. ಬ್ಯಾಲೆಯೂ ಹಾಗೆಯೇ. ಒಬ್ಬರೇ ನಡೆಸಿಕೊಡುವ ಕಛೇರಿಗೆ 'ರಿಸೈಟಲ್' ಒಳ್ಳೆಯದು. ನಟುವಾಂಗ, ಹಾಡುಗಾರಿಕೆ, ಮೃದಂಗದವರ ಹೆಸರುಗಳನ್ನು 'ಮ್ಯೂಸಿಶಿಯನ್ಸ್' ಅಂತ ಒಂದೇ ಗುಂಪಿಗೆ ಹಾಕದೆ ಬೇರೆ ಬೇರೆ ಸಾಲಿನಲ್ಲಿ ಕೊಡಿ, ಒಬ್ಬೊಬ್ಬರೂ ಏನು ಮಾಡುತ್ತಾರೆ ಅಂತ ಪಕ್ಕದಲ್ಲಿ ಬರೆಯಿರಿ. ವರ್ಣಕ್ಕೆ 'ದಿ ಲಾಂಗೆಸ್ಟ್ ಅಂಡ್ ಮೋಸ್ಟ್ ಡಿಮ್ಯಾಂಡಿಂಗ್ ಪೀಸ್' ಅಂತ ಚಿಕ್ಕ ಟಿಪ್ಪಣಿ ಹಾಕಿ. ಯಾವಾಗ ಚಪ್ಪಾಳೆ ತಟ್ಟಬೇಕು ಅನ್ನುವುದು ನಿಮ್ಮ ಸ್ನೇಹಿತರಿಗೂ ತಿಳಿಯುತ್ತದೆ.