ಗೆರೆ ಅಳೆಯುವ ತರಗತಿಯಲ್ಲಿ ಮನಸ್ಸೆಲ್ಲಿದೆ? – ಸಂಪಾದಕರ ಉತ್ತರ

ಬಿ.ಎ. ಮೊದಲ ವರ್ಷದಲ್ಲಿ ಮನಶ್ಶಾಸ್ತ್ರ ಓದುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: ಎದುರಿಗಿರುವವರ ಮನಸ್ಸನ್ನು ಅರಿಯಬಹುದು, ವರ್ಷಗಳಿಂದ ನಿದ್ದೆಯಿಲ್ಲದೆ ಬಳಲುತ್ತಿರುವ ತಾಯಿಗೆ ನೆರವಾಗಬಹುದು ಎಂಬ ಆಸೆಯಿಂದ ಸೇರಿದೆ; ತರಗತಿಯಲ್ಲಿ ನರಕೋಶ, ಸಂಖ್ಯಾಶಾಸ್ತ್ರ, ಗೆರೆ ಅಳೆಯುವ ಪ್ರಯೋಗಗಳೇ ತುಂಬಿವೆ; ವಿಷಯ ಬದಲಿಸಲೇ?

ಪ್ರಿಯ ಓದುಗರೇ,

ಈಗಲೇ ಬದಲಿಸಬೇಡಿ. ನಿಮ್ಮ ಆಸೆ ಸಣ್ಣದಲ್ಲ, ತಪ್ಪೂ ಅಲ್ಲ. ಅದು ಈಡೇರಬೇಕಾದ ದಾರಿ ನಿಮಗೆ ಬೇಸರ ತಂದಿರುವ ಆ ಗೆರೆಗಳ ಮೇಲೆಯೇ ಹಾದುಹೋಗುತ್ತದೆ.

ನೀವು ಅಳೆದದ್ದು ಬಹುಶಃ ಜರ್ಮನಿಯ ವಿದ್ವಾಂಸ ಮ್ಯೂಲರ್-ಲೈಯರ್ 1889ರಲ್ಲಿ ಪ್ರಕಟಿಸಿದ ದೃಷ್ಟಿಭ್ರಮೆಯನ್ನು. ಸಮ ಉದ್ದದ ಎರಡು ಗೆರೆಗಳಲ್ಲಿ ತುದಿಯ ರೆಕ್ಕೆಗಳು ಹೊರಕ್ಕೆ ಚಾಚಿದ ಗೆರೆ ಉದ್ದವಾಗಿಯೂ, ಒಳಕ್ಕೆ ಮಡಚಿದ ಗೆರೆ ಗಿಡ್ಡವಾಗಿಯೂ ಕಾಣುತ್ತದೆ. ಅಳತೆಪಟ್ಟಿ ಇಟ್ಟು ನೋಡಿ ಎರಡೂ ಸಮವೆಂದು ಮನದಟ್ಟಾದ ಮೇಲೂ ಕಣ್ಣು ತನ್ನ ಹಟ ಬಿಡುವುದಿಲ್ಲ. ಪಟ್ಟಿ ಇಟ್ಟು ಅಳೆಯಬಲ್ಲ ಗೆರೆಯ ವಿಷಯದಲ್ಲೇ ನಮ್ಮ ನೋಟ ಹೀಗೆ ಮೋಸಹೋಗುವುದಾದರೆ, ಗೆಳತಿಯ ಮುಖಭಾವವನ್ನೋ ತಾಯಿಯ ಮೌನವನ್ನೋ ಕಂಡು 'ಇದರ ಅರ್ಥ ಇಂಥದ್ದೇ' ಎಂದು ನಾವು ಎಷ್ಟು ಭರವಸೆಯಿಂದ ಹೇಳಬಹುದು? ಈ ಪ್ರಶ್ನೆ ಕಾಡಿದವರಿಗೆ ಸಂಖ್ಯಾಶಾಸ್ತ್ರ ಹೊರೆಯಾಗಿ ಕಾಣುವುದಿಲ್ಲ, ಆಸರೆಯಾಗಿ ಕಾಣುತ್ತದೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತಮ್ಮ ನೆನಪನ್ನು ತಾವೇ ಪರೀಕ್ಷಿಸಿಕೊಂಡ ಬಗೆಯನ್ನು ನೋಡಿ. ಪರಿಚಿತ ಪದಗಳಿಗೆ ಹಳೆಯ ನೆನಪುಗಳು ಅಂಟಿಕೊಂಡಿರುತ್ತವೆ ಎಂದು ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಟ್ಟಿಕೊಂಡು ಬಾಯಿಪಾಠ ಮಾಡಿದರು. ಕಾಲ ಕಳೆದ ಮೇಲೆ ಅವನ್ನೇ ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಟ್ಟರು. ಒಂದು ಗಂಟೆಯೊಳಗೇ ಆ ಉಳಿತಾಯ ಅರ್ಧಕ್ಕಿಂತ ಕೆಳಗಿಳಿದಿತ್ತು. ಆದರೆ ತಿಂಗಳಾದ ಮೇಲೂ ಸುಮಾರು ಐದರಲ್ಲೊಂದು ಪಾಲು ಉಳಿದಿತ್ತು. 1885ರಲ್ಲಿ ಅಚ್ಚಾದ ಆ ಕೆಲಸದಲ್ಲಿ ಯಾರ ಮನಸ್ಸನ್ನೂ 'ಓದಿದ' ಮಾತಿಲ್ಲ, ಆದರೂ ಮರೆವಿನ ಬಗ್ಗೆ ಅದಕ್ಕೂ ಮೊದಲು ಯಾರಿಗೂ ತಿಳಿಯದಿದ್ದುದು ಅದರಲ್ಲಿದೆ. ಇಂಥ ತಾಳ್ಮೆಯ ಮುಂದೆ ನನಗೆ ಇಂದಿಗೂ ಗೌರವ ಮೂಡುತ್ತದೆ.

ನಮ್ಮ ನಾಡಿಗೂ ಈ ವಿಷಯ ಹೊಸತಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಬಾನುಲಿಯನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

ಇನ್ನು ವೃತ್ತಿಯ ಮಾತು. ಬಿ.ಎ. ಅಥವಾ ಎಂ.ಎ. ಮುಗಿಸಿದ ಮಾತ್ರಕ್ಕೆ ಯಾರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ಅದಕ್ಕೆ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಂದಿಗೆ ಪಡೆಯುವ ಮಾನ್ಯತೆಯ ತರಬೇತಿಯೂ ನೋಂದಣಿಯೂ ಬೇಕು. ಔಷಧಿ ಬರೆಯುವ ಮನೋವೈದ್ಯರು ವೈದ್ಯಪದವಿಯ ಹಾದಿಯಿಂದ ಬಂದವರು. ದಾರಿ ದೀರ್ಘವೆಂಬುದನ್ನು ಈಗಲೇ ಅರಿತಿರುವುದು ಒಳ್ಳೆಯದು.

ತಾಯಿಯವರು ಮಾತ್ರ ನಿಮ್ಮ ಪದವಿ ಮುಗಿಯುವವರೆಗೆ ಕಾಯಬಾರದು. ಪಠ್ಯದ ಒಂದು ಅಧ್ಯಾಯ ಓದಿ ಅವರ ಕಾಯಿಲೆಗೆ ಹೆಸರಿಡಲು ಹೋಗಬೇಡಿ. ನೀವು ಅವರ ಮಗಳು, ಆ ಸಂಬಂಧದೊಳಗೆ ನಿಂತು ಅವರನ್ನು ಪರೀಕ್ಷಿಸುವುದು ಪಳಗಿದವರಿಗೂ ಸಲ್ಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಮೊದಲ ಕರೆಯ ಹೊತ್ತಿಗೆ ಅವರ ಪಕ್ಕದಲ್ಲಿ ಕುಳಿತಿರಿ.