ಸಂಪಾದಕರ ಉತ್ತರ: ಸಂಸದರು ಸದನದಲ್ಲಿ ಆಡಿದ ಮಾತು

ಚುನಾವಣೆ ಬಂದಾಗಲೆಲ್ಲ ಸಂಸದರ ಹಾಜರಾತಿ ಮತ್ತು ಪ್ರಶ್ನೆಗಳ ಸಂಖ್ಯೆಯನ್ನು ಅಚ್ಚು ಹಾಕುವ ಪತ್ರಿಕೆಗಳು, ಕಾಡು ಮತ್ತು ರಸ್ತೆಯ ಕಾನೂನುಗಳ ಮೇಲೆ ಅವರು ಏನು ಮಾತನಾಡಿದರೆಂದು ಏಕೆ ಬರೆಯುವುದಿಲ್ಲವೆಂದು ವಿರಾಜಪೇಟೆಯ ಓದುಗರೊಬ್ಬರು ಕೇಳಿದ್ದಾರೆ.

ಮಾನ್ಯರೇ,

ಶೂನ್ಯವೇಳೆಯಲ್ಲಿ (ಸದಸ್ಯರು ತುರ್ತು ವಿಷಯಗಳನ್ನು ಎತ್ತುವ ಹೊತ್ತಿನಲ್ಲಿ) ಎದ್ದುನಿಂತು ಕೊಡಗಿನ ಕುಶಾಲನಗರಕ್ಕೆ ರೈಲು ಬೇಕೆನ್ನುವುದೂ, ಮಸೂದೆಯ ಕಲಮೊಂದಕ್ಕೆ ತಿದ್ದುಪಡಿ ಸೂಚಿಸುವುದೂ ಆ ಪಟ್ಟಿಗಳಲ್ಲಿ ಸರಿಸಮನಾಗಿ ಕಾಣುತ್ತವೆ. ಮೊದಲನೆಯದರಿಂದ ಪಕ್ಷದ ಮುನಿಸು ಕಟ್ಟಿಕೊಳ್ಳಬೇಕಾಗಿಲ್ಲ; ಎರಡನೆಯದರಿಂದ ಕಟ್ಟಿಕೊಳ್ಳಬೇಕಾದೀತು. (ನಮ್ಮವರೇ ಆದ ಸಿ. ಎಂ. ಪೂಣಚ್ಚನವರು 1967ರಿಂದ 1969ರವರೆಗೆ ರೈಲ್ವೆ ಮಂತ್ರಿಗಳಾಗಿದ್ದರೂ ಕೊಡಗಿಗೆ ಹಳಿ ಬರಲಿಲ್ಲ; ಬೇಡವೆನ್ನುವವರೂ ನಮ್ಮಲ್ಲಿ ಕಡಿಮೆಯಿಲ್ಲ.)

ಮೋಟಾರು ವಾಹನ ತಿದ್ದುಪಡಿ ಮಸೂದೆಯನ್ನು ಲೋಕಸಭೆ 2019ರ ಜುಲೈ 23ರಂದು ಅಂಗೀಕರಿಸಿತು. ಲೈಸೆನ್ಸ್ ಇಲ್ಲದೆ ವಾಹನ ಓಡಿಸಿದರೆ ದಂಡ 500ರಿಂದ 5,000 ರೂಪಾಯಿಗೆ ಏರಿದ್ದು ಊರಿಗೆಲ್ಲ ಗೊತ್ತಾಯಿತು. ಆದರೆ ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಲೋಪದಿಂದ ಸಾವು, ಅಂಗವೈಕಲ್ಯ ಉಂಟಾದರೆ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ 198ಎ ಕಲಮನ್ನು ಕೇಳಿದವರು ಎಷ್ಟು ಮಂದಿ? 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಹೋದುದನ್ನು ಕಂಡ ಜಿಲ್ಲೆಯ ಪ್ರತಿನಿಧಿ ಮಾತನಾಡಬೇಕಾದುದು ಈ ಕಲಮಿನ ಮೇಲೆಯೇ ಎಂಬುದು ನಮ್ಮ ಅಭಿಪ್ರಾಯ.

ಅರಣ್ಯ (ಸಂರಕ್ಷಣೆ) ತಿದ್ದುಪಡಿ ಮಸೂದೆಯ ಕಥೆ ಇನ್ನಷ್ಟು ಬೇಸರದ್ದು. 2023ರ ಜುಲೈ 26ರಂದು ಅದು ಲೋಕಸಭೆಯಲ್ಲಿ ಮಣಿಪುರದ ವಿಷಯದ ಗದ್ದಲದ ನಡುವೆ, ಅಲ್ಪ ಚರ್ಚೆಯ ನಂತರ, ಧ್ವನಿಮತದಿಂದ ಅಂಗೀಕಾರವಾಯಿತು. ಅರಣ್ಯವೆಂದು ಅಧಿಸೂಚಿತವಾದ ಅಥವಾ 1980ರ ಅಕ್ಟೋಬರ್ 25ರಂದು ಇಲ್ಲವೇ ಆನಂತರ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಭೂಮಿಗೆ ಮಾತ್ರ ಕಾಯ್ದೆ ಅನ್ವಯಿಸುತ್ತದೆಂದು ಅದು ಹೇಳುತ್ತದೆ. ಅರಣ್ಯವೆಂಬುದಕ್ಕೆ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ವಿಶಾಲ ಅರ್ಥವನ್ನು ಇದು ಕಿರಿದುಗೊಳಿಸುತ್ತದೆ. ದೇವರಕಾಡು, ಪೈಸಾರಿ (ಸರ್ಕಾರಿ ಪಾಳು ಜಮೀನು), ಬಾಣೆ (ಗದ್ದೆಯೊಂದಿಗೆ ಸೇರಿಬಂದ ಮರಗಾಡಿನ ಜಮೀನು) ಎಂದು ಒಂದೊಂದು ಜಾಗಕ್ಕೂ ಒಂದೊಂದು ಬಗೆಯ ದಾಖಲೆಯಿರುವ ಕೊಡಗಿನಲ್ಲಿ ಯಾವ ಮರಗಳು ಒಳಗೆ, ಯಾವುವು ಹೊರಗೆ ಎಂಬ ಪ್ರಶ್ನೆಯನ್ನು ಅಂದು ಸದನದಲ್ಲೇ ಕೇಳಬೇಕಿತ್ತು.

ಧ್ವನಿಮತವಾದರೆ ಯಾರು ಹೌದೆಂದರು, ಯಾರು ಅಲ್ಲವೆಂದರು ಎಂಬುದು ನಡಾವಳಿಯಲ್ಲಿ, ಅಂದರೆ ಸದನದ ಕಲಾಪದ ದಾಖಲೆಯಲ್ಲಿ, ಹೆಸರು ಸಮೇತ ಉಳಿಯುವುದಿಲ್ಲ. ಮಾತಿನ ಅವಧಿಯೂ ಪಕ್ಷದ ಬಲಕ್ಕೆ ತಕ್ಕಂತೆ ಹಂಚಿಕೆಯಾಗುವುದರಿಂದ, ಸದಸ್ಯರೊಬ್ಬರ ಮೌನವೆಲ್ಲವೂ ಉದಾಸೀನವೆನ್ನಲಾಗದು. ಮಂತ್ರಿಗಳಾದವರು ಪ್ರಶ್ನೆ ಕೇಳುವುದಿಲ್ಲವಾದ್ದರಿಂದ ಆ ಅಂಕಣದಲ್ಲಿ ಅವರದು ಸೊನ್ನೆಯೇ. ಅರಣ್ಯ ಮಸೂದೆಯನ್ನು ಪರಿಶೀಲಿಸಿದ ಜಂಟಿ ಸಮಿತಿಯ ವರದಿಗೆ ಕೆಲವು ಸದಸ್ಯರು ಬರೆದು ಲಗತ್ತಿಸಿದ ಭಿನ್ನಮತದ ಟಿಪ್ಪಣಿಗಳು ಭಾಷಣಗಳಿಗಿಂತ ಹೆಚ್ಚು ವಿಷಯ ತಿಳಿಸುತ್ತವೆ; ಯಾವ ಅಂಕಪಟ್ಟಿಯೂ ಅವನ್ನು ಎಣಿಸುವುದಿಲ್ಲ.

ನಮ್ಮ ಮೈಸೂರು ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕೊಡಗಿನವು ಮಡಿಕೇರಿ, ವಿರಾಜಪೇಟೆ ಎರಡೇ, ಸಂಸದರು ಉಳಿದ ಆರರ ಮಾತನ್ನೂ ಆಡಬೇಕು ಎಂಬುದನ್ನೂ ಗಮನದಲ್ಲಿಟ್ಟು, ಇನ್ನು ಮುಂದೆ ಇಂಥ ಮಸೂದೆ ಬಂದಾಗ ನಮ್ಮ ಸಂಸದರು ಆ ದಿನ ಆಡಿದ ಮಾತನ್ನು, ಅವರು ಮುಟ್ಟಿದ ಕಲಮಿನೊಂದಿಗೆ, ನಡಾವಳಿಯಿಂದಲೇ ಎತ್ತಿ ಪ್ರಕಟಿಸುತ್ತೇವೆ. ಮಾತನಾಡದಿದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸುತ್ತೇವೆ.

– ಸಂ.