ವಿದ್ಯಾರ್ಥಿನಿಯರು ವ್ಯಾಯಾಮಕ್ಕೆ ಏಕೆ ಹೊರಡುವುದಿಲ್ಲ, ಯಾವಾಗ ಹೊರಡುತ್ತಾರೆ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ನಿಮ್ಮ ತಂಗಿ ಎಷ್ಟು ಹೇಳಿದರೂ ವ್ಯಾಯಾಮ ಮಾಡುತ್ತಿಲ್ಲ, ಇದು ಸೋಮಾರಿತನವೇ ಅಥವಾ ಬೇರೆ ಕಾರಣವಿದೆಯೇ ಎಂದು ಕೇಳಿದ್ದೀರಿ. ನಾನು ಅದೇ ಆವರಣದ ಹಾಸ್ಟೆಲಿನಲ್ಲಿದ್ದು ಓದಿದವಳು. ಈಗ ಮಂಡ್ಯದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಾನು ಕಂಡ ಮಟ್ಟಿಗೆ ಇದರಲ್ಲಿ ಸೋಮಾರಿತನದ ಪಾಲು ಬಹಳ ಕಡಿಮೆ. ಬೆಳಕಿರುವಾಗ ಬಿಡುವು, ಜೊತೆಗೆ ಬರಲು ಒಬ್ಬ ಗೆಳತಿ, ಇವೆರಡೂ ಒಟ್ಟಿಗೆ ಸಿಕ್ಕ ಹುಡುಗಿಯರು ಹೇಗಾದರೂ ವ್ಯಾಯಾಮ ಮಾಡುತ್ತಾರೆ. ಸಿಗದವರು ನಾಲ್ಕು ದಿನ ಮಾಡಿ ಬಿಡುತ್ತಾರೆ.

ಹಾಸ್ಟೆಲಿನ ಬೆಳಗಿನ ಹೊತ್ತು ಬಿಸಿನೀರಿನ ಸರದಿ, ತಿಂಡಿ, ತರಗತಿ ಎಂದು ಕಳೆದುಹೋಗುತ್ತದೆ. ಪ್ರಯೋಗಾಲಯದಿಂದಲೋ ಗ್ರಂಥಾಲಯದಿಂದಲೋ ಹೊರಬರುವಷ್ಟರಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಕತ್ತಲಾಗಿರುತ್ತದೆ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಬೆನ್ನಲ್ಲೇ, ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದೆಂಬ ಸುತ್ತೋಲೆ ಹೊರಟಿತ್ತು. ತೀವ್ರ ವಿರೋಧ ವ್ಯಕ್ತವಾದ ಮೇಲೆ ಅದನ್ನು ಹಿಂಪಡೆಯಲಾಯಿತು. ಸುತ್ತೋಲೆ ಹೋದರೂ ಹೆತ್ತವರ ಮನಸ್ಸಿನಿಂದ ಆ ಗಡುವು ಹೋಗಿಲ್ಲ. ಆರು ಗಂಟೆಯಾಯಿತೆಂದರೆ ಫೋನ್ ಬರುತ್ತದೆ, ಹುಡುಗಿ ಕೋಣೆ ಸೇರಿಕೊಳ್ಳುತ್ತಾಳೆ. ಅವಳ ಭದ್ರತೆಗೆ ದೀಪ ಹಾಕಿಸಿ, ಕಾವಲು ಹೆಚ್ಚಿಸುವುದನ್ನು ಬಿಟ್ಟು ಅವಳನ್ನೇ ಒಳಗೆ ಕೂರಿಸುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಕ್ರಮ.

ಮಂಡ್ಯದಲ್ಲಿ ತೊಡಕು ಬೇರೆ. ಮಳವಳ್ಳಿ, ನಾಗಮಂಗಲ, ಕೆ.ಆರ್.ಪೇಟೆ ಕಡೆಯಿಂದ ಬರುವವರಿಗೆ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ತಪ್ಪಿದೆ, ಆದರೆ ಊರಿನ ಬಸ್ಸು ಹೊರಡುವ ವೇಳೆಯೇ ಅವರ ದಿನವನ್ನು ತೀರ್ಮಾನಿಸುತ್ತದೆ. ತರಗತಿ ಮುಗಿದ ಮೇಲೆ ಅಭ್ಯಾಸ ಇಟ್ಟರೆ ಅರ್ಧದಷ್ಟು ಹುಡುಗಿಯರು ಬಸ್ ನಿಲ್ದಾಣದಲ್ಲಿರುತ್ತಾರೆ. ಅವರು ಮನೆಗೆ ಹೋಗಿ ಸುಮ್ಮನೆ ಕೂರುವವರಲ್ಲ. ಪಾತ್ರೆ, ಅಡುಗೆ, ದನದ ಕೆಲಸ ಕಾದಿರುತ್ತದೆ. ಮನೆಕೆಲಸವೇ ವ್ಯಾಯಾಮವಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ಮೈ ದಣಿಯುವುದು ನಿಜ, ಆದರೆ ಅದರಲ್ಲಿ ಅವಳಿಗೆಂದು ಉಳಿಯುವ ಹೊತ್ತು ಒಂದಿಷ್ಟೂ ಇಲ್ಲ.

ಮುಜುಗರದ ಮಾತನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟದವರೆಗೆ ಕಬಡ್ಡಿ ಆಡಿದ್ದ ವಿದ್ಯಾರ್ಥಿನಿಯೊಬ್ಬಳು ನಮ್ಮ ಮೈದಾನದ ಅಂಚಿನಲ್ಲಿ ವೇಲನ್ನು ಎರಡೂ ಭುಜಕ್ಕೆ ಪಿನ್ ಹಾಕಿಕೊಂಡು ನಿಂತು ನೋಡುತ್ತಿದ್ದಳೇ ಹೊರತು ಒಳಗೆ ಬರುತ್ತಿರಲಿಲ್ಲ. ಕಾರಣ ಕೇಳಿದರೆ ತಲೆನೋವು ಎನ್ನುತ್ತಿದ್ದಳು. ಬಹಳ ದಿನಗಳ ನಂತರ, ನನ್ನ ಕೊಠಡಿಯಲ್ಲಿ ಬೇರೆ ಯಾರೂ ಇಲ್ಲದಾಗ, "ಓಡೋಕೆ ಸರಿಯಾದ ಒಳಉಡುಪಿಲ್ಲ ಮೇಡಂ, ಮನೇಲಿ ಕೇಳೋಕೆ ನಾಚಿಕೆ, ಹುಡುಗರು ಬೇರೆ ನೋಡ್ತಾ ನಿಂತಿರ್ತಾರೆ" ಎಂದಳು. ಮುಂದಿನ ವಾರದಿಂದ ಮಧ್ಯಾಹ್ನದ ಒಂದು ಅವಧಿಯನ್ನು ಹುಡುಗಿಯರಿಗೇ ಮೀಸಲಿಟ್ಟು, ಆ ಹೊತ್ತಿನಲ್ಲಿ ಹುಡುಗರ ಕ್ರಿಕೆಟ್ ನಿಲ್ಲಿಸಿ, ನಾನೇ ಮೈದಾನದಲ್ಲಿ ನಿಂತೆ. ಅವಳು ಬಂದಳು, ಅವಳ ಹಿಂದೆ ಅವಳ ಬೆಂಚಿನವರೂ ಬಂದರು. ಬಿಸಿಲಿಗೆ ಕಪ್ಪಾದರೆ ಗಂಡು ಸಿಗುವುದಿಲ್ಲ ಎಂಬ ಮಾತಂತೂ ಇನ್ನೂ ಕೇಳಿಬರುತ್ತದೆ; ಅದಕ್ಕೆ ನನ್ನ ಬಳಿ ಔಷಧಿಯಿಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಎರಡು ಮಹಡಿ ಹತ್ತಿದರೆ ಏದುಸಿರು ಬರುವ ಹುಡುಗಿಗೆ ಓಡು ಎಂದು ಹೇಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು.

ಮುಂದುವರಿಸುವವರು ಯಾರು ಎಂಬುದನ್ನೂ ಗಮನಿಸಿದ್ದೇನೆ. ಸಣ್ಣಗಾಗಬೇಕೆಂದು ಶುರು ಮಾಡಿದವರು ತೂಕ ಇಳಿಯದಿದ್ದರೆ ಬೇಗ ಕೈಬಿಡುತ್ತಾರೆ, ನೆಂಟರ ಕುಹಕ ಕೇಳಿ ಶುರು ಮಾಡಿದವರು ಅದಕ್ಕಿಂತ ಬೇಗ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿದೆ, ಕುಳಿತು ಓದುವಾಗಿನ ಬೆನ್ನುನೋವು ಇಳಿದಿದೆ, ಮುಟ್ಟಿನ ದಿನಗಳ ನೋವು ಸಹಿಸುವಷ್ಟಾಗಿದೆ ಎಂದು ತಮ್ಮ ಮೈಯಲ್ಲೇ ಕಂಡುಕೊಂಡವರು ಪರೀಕ್ಷೆಯ ದಿನಗಳಲ್ಲೂ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಬಿರುಸಾಗಿ ನಡೆದರೆ ಅಷ್ಟಾಗುತ್ತದೆ. ನಿಮ್ಮ ತಂಗಿಗೆ ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇದೆ, ಬೆಳಗ್ಗೆ ಅಲ್ಲಿ ನಡೆಯುವ ಜನರೂ ಸಾಕಷ್ಟಿರುತ್ತಾರೆ.

ಆದ್ದರಿಂದ ಅವಳಿಗೆ ಉಪದೇಶ ಮಾಡುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಹಾಸ್ಟೆಲಿನ ಗೇಟು ಎಷ್ಟು ಗಂಟೆಗೆ ತೆರೆಯುತ್ತದೆ, ಜೊತೆಗೆ ಬರುವವರು ಯಾರಿದ್ದಾರೆ ಎಂದು ಕೇಳಿ. ಒಳ್ಳೆಯ ಶೂ ಮತ್ತು ಬೇಕಾದ ಬಟ್ಟೆಗಳಿಗೆ ಹಣ ಕಳಿಸಿ, ಏನು ಕೊಂಡಳೆಂದು ಲೆಕ್ಕ ಕೇಳಬೇಡಿ. ಅವಳು ಹೊರಗೆ ನಡೆಯುತ್ತಿರುವಾಗ ಪದೇ ಪದೇ ಫೋನ್ ಮಾಡದಂತೆ ಮನೆಯವರಿಗೂ ನೀವೇ ಹೇಳಿ. ಅಣ್ಣನಾಗಿ ಆ ಮಾತು ನೀವು ಆಡಿದರೆ ಅವಳು ಆಡುವುದಕ್ಕಿಂತ ಸುಲಭವಾಗಿ ನಡೆಯುತ್ತದೆ.